ಮುಂಬಯಿಯಲ್ಲಿ ಮೊಗ್ಗಿನ ಜಡೆ: ಮುಹೂರ್ತದಿಂದ ಹಿಂದಕ್ಕೆ ಎಣಿಸುವ ಲೆಕ್ಕ

ಬೆಳಿಗ್ಗೆ 9.30ಕ್ಕೆ ಮುಹೂರ್ತ ಎಂದರೆ ಮೊಗ್ಗಿನ ಜಡೆ ಕಟ್ಟುವವರಿಗೆ ಅದು ಹಿಂದಿನ ದಿನದ ಕೆಲಸ. ನಸುಕಿನಲ್ಲಿ ಕೊಯ್ದ ದುಂಡುಮಲ್ಲಿಗೆ ಮೊಗ್ಗು ಅದೇ ದಿನ ಸಂಜೆ ಏಳೆಂಟರ ಹೊತ್ತಿಗೆ ಬಿರಿಯುತ್ತದೆ. ಹಿಂದಿನ ದಿನ ತಂದು ಸುಮ್ಮನೆ ಇಟ್ಟರೆ ಮದುವೆಯ ಬೆಳಿಗ್ಗೆ ಕೈಗೆ ಸಿಗುವುದು ಅರಳಿ ಸೊರಗಿದ ಹೂವು. ಮದುವೆಯ ದಿನವೇ ತರೋಣ ಎಂದರೆ ಪೋಣಿಸಿ ಹೊಲಿಯಲು ಒಬ್ಬರಿಗೆ ನಾಲ್ಕು ಗಂಟೆಯಾದರೂ ಬೇಕು, ಅಷ್ಟು ಹೊತ್ತು ಬೆನ್ನು ಕೊಟ್ಟು ಕೂರಲು ಮದುಮಗಳಿಗೆ ಪುರುಸೊತ್ತು ಎಲ್ಲಿ? ಹಾಗಾಗಿ ನಾನು ಜಡೆಯನ್ನು ಕೂದಲ ಮೇಲೆ ಕಟ್ಟುವುದೇ ಇಲ್ಲ. ಬೇರೆ ಪಟ್ಟಿಯ ಮೇಲೆ ಹಿಂದಿನ ಮಧ್ಯಾಹ್ನ ಹೊಲಿದು, ಬಿರಿಯುವ ಹೊತ್ತಿಗೆ ಮುಂಚೆಯೇ ಫ್ರಿಜ್‌ಗೆ ಸೇರಿಸಿ, ಬೆಳಿಗ್ಗೆ ಹೆರಳಿಗೆ ಬಿಗಿಯುತ್ತೇನೆ. ಊರ ಕಡೆ ಹೆರಳಿಗೇ ಹೊಲಿಯುವ ಪದ್ಧತಿ ಚೆಂದವೇ, ಆದರೆ ಅಲ್ಲಿ ಹಿತ್ತಿಲಲ್ಲಿ ಗಿಡವಿರುತ್ತದೆ, ಕೈಗೂಡಿಸಲು ನಾಲ್ಕು ಜನ ಇರುತ್ತಾರೆ.

ಮೊಗ್ಗಿಗೆ ದಾದರ್ ಪಶ್ಚಿಮದ ಮೀನಾತಾಯಿ ಠಾಕ್ರೆ ಹೂವಿನ ಮಾರುಕಟ್ಟೆಯೇ ಸರಿ. ಪಾಲ್ಘರ್ ಕಡೆಯ ಮೊಗರಾ, ಅಂದರೆ ನಮ್ಮ ದುಂಡುಮಲ್ಲಿಗೆಯೇ, ಅಲ್ಲಿಗೆ ಬರುತ್ತದೆ, ಬಿಡಿ ಮೊಗ್ಗು ತೂಕದ ಲೆಕ್ಕದಲ್ಲಿ ಸಿಗುತ್ತದೆ. ಬೆಳಿಗ್ಗೆ ಏಳರೊಳಗೆ ಹೋದರೆ ಆರಿಸಿಕೊಳ್ಳಬಹುದು, ತಡವಾದರೆ ಉಳಿದದ್ದೇ ಗತಿ. ಮೊಗ್ಗು ಪೂರ್ತಿ ಬೆಳ್ಳಗಿರಬೇಕು, ತುದಿ ಚೂಪಾಗಿ ಬಿಗಿದುಕೊಂಡಿರಬೇಕು, ಎರಡು ಬೆರಳಲ್ಲಿ ಒತ್ತಿದರೆ ಗಟ್ಟಿಯಾಗಿರಬೇಕು. ತುದಿ ಉಬ್ಬಿ ದುಂಡಗಾಗಿದ್ದರೆ ಅದು ಸಂಜೆಯ ತನಕವೂ ಕಾಯುವುದಿಲ್ಲ. ಹಸಿರು ಛಾಯೆ ಇದ್ದರೆ ಇನ್ನೂ ಎಳೆಯದು. ಬಿರಿಯುವ ಭಯವಿಲ್ಲ ನಿಜ, ಆದರೆ ಬಣ್ಣ ಏಳುವುದಿಲ್ಲ, ಫೋಟೊದಲ್ಲಿ ಬಿಳಿ ಮೊಗ್ಗಿನ ನಡುವೆ ಹಳದಿಯಾಗಿ ಎದ್ದು ಕಾಣುತ್ತದೆ. ರಾಶಿಯ ಮೇಲಿನದು ನೋಡಿ ಮರುಳಾಗಬೇಡಿ, ಕೈ ಹಾಕಿ ಅಡಿಯಿಂದ ಒಂದು ಹಿಡಿ ತೆಗೆಸಿ. ನೀರು ಚಿಮುಕಿಸಿ ಮಿನುಗಿಸಿದ ಮೊಗ್ಗಿನ ಅಡಿಭಾಗ ಒದ್ದೆಯಾಗಿ ಕಂದಿರುತ್ತದೆ.

ನವೆಂಬರ್‌ನಿಂದ ಫೆಬ್ರುವರಿಯ ಮದುವೆಗಳಿಗೆ ಮೊಗರಾ ಕಡಿಮೆ, ದರವೂ ಕೈಸುಡುತ್ತದೆ. ಆಗ ಕಾಕಡ ತೆಗೆದುಕೊಳ್ಳುತ್ತೇನೆ, ದಾದರಿನಲ್ಲಿ ಕಾಗಡಾ ಎಂದು ಕೇಳಬೇಕು. ಪರಿಮಳ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಜಡೆಯ ಮೈಗೆ ಬೇಕಾದದ್ದು ಆಕಾರ, ಪರಿಮಳವಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ. ಕಾಕಡದ ಮೊಗ್ಗು ಸಪೂರ, ಹಾಗಾಗಿ ಎಣಿಕೆ ಒಂದೂವರೆ ಪಟ್ಟಾಗುತ್ತದೆ.

26 ಇಂಚು ಉದ್ದ, ಮೇಲೆ ಮೂರೂವರೆ ಇಂಚು, ಕೆಳಗೆ ಎರಡು ಇಂಚು ಅಗಲ: ಸಾಮಾನ್ಯ ಎತ್ತರದ ಹುಡುಗಿಗೆ ಇದು ಸಾಕು. ಒಂದು ಸಾಲಿಗೆ ಸರಾಸರಿ 11-12 ದುಂಡು ಮೊಗ್ಗು, ಒಂದು ಸೆಂಟಿಮೀಟರಿಗೆ ಒಂದು ಸಾಲು, ಅಂದರೆ ಸುಮಾರು 65 ಸಾಲು. ಸಾಲುಗಳಿಗೇ 750ರ ಆಸುಪಾಸು, ಎರಡೂ ಅಂಚಿಗೆ ಇನ್ನು 150, ಮುರಿದದ್ದು ಬಾಡಿದ್ದು ಆರಿಸಿ ಬಿಸಾಡುವುದಕ್ಕೆ ಐದರಲ್ಲೊಂದು ಭಾಗ. ಒಟ್ಟು 1,100 ಮೊಗ್ಗು ಎಂದಿಟ್ಟುಕೊಳ್ಳಿ. ನೂರು ಮೊಗ್ಗು ಇಪ್ಪತ್ತು-ಇಪ್ಪತ್ತೈದು ಗ್ರಾಂ ತೂಗುತ್ತದೆ, 300 ಗ್ರಾಂ ತಂದರೆ ನಿಶ್ಚಿಂತೆ.

ಪಟ್ಟಿಗೆ ಹಿಂದಿನವರು ಬಾಳೆಯ ಪಟ್ಟೆ ಬಳಸುತ್ತಿದ್ದರು. ಅದು ತಂಪು, ಮೊಗ್ಗನ್ನು ಹಸಿಯಾಗಿಯೂ ಇಡುತ್ತದೆ. ಆದರೆ ಬಾಳೆಯ ರಸ ರೇಷ್ಮೆಗೆ ತಾಗಿದರೆ ಆ ಕಂದು ಕಲೆ ಸೀರೆಯ ಜೊತೆಯೇ ಬಾಳುತ್ತದೆ. ಬಕ್ರಮ್ ಬೇಡ, ಅದರ ಗಂಜಿ ತೇವಕ್ಕೆ ಕರಗಿ ಅರ್ಧ ದಾರಿಯಲ್ಲೇ ಮೆತ್ತಗಾಗುತ್ತದೆ. ದರ್ಜಿಗಳು ಕಾಲರ್‌ಗೆ ಹಾಕುವ ದಪ್ಪ ಕ್ಯಾನ್ವಾಸನ್ನು ಎರಡು ಪದರ ಮಾಡಿ, ಮೇಲೂ ಕೆಳಗೂ ಬಿಳಿ ಹತ್ತಿ ಬಟ್ಟೆ ಹೊಲಿದರೆ ಗಟ್ಟಿಯೂ ಆಯಿತು, ಬೆನ್ನ ಕಡೆ ಸೀರೆಗೆ ರಕ್ಷಣೆಯೂ ಆಯಿತು. ಪಟ್ಟಿಯನ್ನು ಎರಡು ತುಂಡಾಗಿ ಮಾಡಿ, ತಲಾ 13 ಇಂಚು. ಯಾಕೆಂದರೆ 26 ಇಂಚಿನ ಜಡೆ ಮನೆಯ ಫ್ರಿಜ್‌ನಲ್ಲಿ ಚಪ್ಪಟೆಯಾಗಿ ಮಲಗುವುದಿಲ್ಲ, ಮಡಿಸಿದರೆ ಮಡಿಕೆಯ ಮೇಲಿನ ಮೂರ್ನಾಲ್ಕು ಸಾಲು ನಜ್ಜುಗುಜ್ಜು. ಬೆಳಿಗ್ಗೆ ಎರಡನ್ನೂ ಸೇರಿಸಿದ ಜಾಗದ ಮೇಲೆ ಒಂದು ಜಡೆಬಿಲ್ಲೆ ಕೂರಿಸಿದರೆ ಬೆಸುಗೆ ಯಾರಿಗೂ ಕಾಣದು. ಹೊಲಿಗೆ ಶುರುವಾಗುವ ಮುಂಚೆಯೇ ಎರಡೂ ತುಂಡಿನ ಹಿಂಬದಿಗೆ ನಾಲ್ಕು ನಾಲ್ಕು ಇಂಚಿಗೊಂದು ಜೋಡಿ ನಾಡ ಹೊಲಿದುಬಿಡಿ. ಮೊಗ್ಗು ಏರಿದ ಮೇಲೆ ಅದಕ್ಕೆ ಜಾಗವೂ ಇರುವುದಿಲ್ಲ, ಧೈರ್ಯವೂ ಇರುವುದಿಲ್ಲ.

ಹೊಲಿಗೆ ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಮಾಡಿಗೆ ಹೆಂಚು ಹೊದಿಸಿದ ಹಾಗೆ. ಮೊಗ್ಗಿನ ತಲೆ ಕೆಳಕ್ಕೆ, ತೊಟ್ಟು ಮೇಲಕ್ಕೆ. ಪ್ರತಿ ಹೊಸ ಸಾಲಿನ ತಲೆಗಳು ಕೆಳಗಿನ ಸಾಲಿನ ತೊಟ್ಟುಗಳನ್ನು ಮುಚ್ಚಬೇಕು. ತೊಟ್ಟನ್ನು ಮೂರ್ನಾಲ್ಕು ಮಿಲಿಮೀಟರ್ ಉಳಿಸಿ ಕತ್ತರಿಸಿ. ಸೂಜಿ ಹೋಗಬೇಕಾದ್ದು ಎಸಳಿನ ಮೈಯಲ್ಲಲ್ಲ, ಅದರ ಬುಡದ ಹಸಿರು ಬಟ್ಟಲಿನಲ್ಲಿ. ಎಸಳಿಗೆ ಚುಚ್ಚಿದ ಮೊಗ್ಗಿಗೆ ಎರಡು ಗಂಟೆಯಲ್ಲಿ ಕಂದು ಚುಕ್ಕೆ ಬೀಳುತ್ತದೆ, ಆ ಚುಕ್ಕೆ ಹರಡುತ್ತದೆ. ನೈಲಾನ್ ದಾರ ಬಟ್ಟಲನ್ನು ಸೀಳುತ್ತದೆ. ಗುಂಡಿ ಹೊಲಿಯುವ ದಪ್ಪ ಹತ್ತಿದಾರ ಜೋಡಿ ಎಳೆ ಮಾಡಿಕೊಂಡರೆ ಹಿಡಿತ ಚೆನ್ನ. ಒಂದು ಸೂಜಿಯಲ್ಲಿ ಸಾಲು ಪೋಣಿಸಿ ಪಟ್ಟಿಯ ಮೇಲೆ ಅಡ್ಡಕ್ಕೆ ಮಲಗಿಸಿ, ಇನ್ನೊಂದು ಸೂಜಿಯಲ್ಲಿ ಮೂರು ಮೊಗ್ಗಿಗೊಂದರಂತೆ ಆ ದಾರವನ್ನು ಪಟ್ಟಿಗೆ ತೊಡಕಿಸಿ. ಇಬ್ಬರು ಕೂತರೆ ಒಬ್ಬರು ಪೋಣಿಸುವುದು, ಒಬ್ಬರು ತೊಡಕಿಸುವುದು, ಎರಡು ಗಂಟೆಯಲ್ಲಿ ಮುಗಿಯುತ್ತದೆ. ಸಾಲಿನಲ್ಲಿ ಮೊಗ್ಗು ಒತ್ತಾಗಿ, ಸ್ವಲ್ಪ ಅತಿಯೇ ಅನ್ನುವಷ್ಟು ಬಿಗಿಯಾಗಿರಲಿ. ರಾತ್ರಿ ಕಳೆಯುವಷ್ಟರಲ್ಲಿ ನೀರಿನಂಶ ಹೋಗಿ ಮೊಗ್ಗು ಸಣಕಲಾಗುತ್ತದೆ. ಹೊಲಿದಾಗ ಸರಿಯಾಗಿ ಕಂಡ ಸಾಲಿನಲ್ಲಿ ಬೆಳಿಗ್ಗೆ ಬಟ್ಟೆ ಇಣುಕುತ್ತದೆ.

ಫ್ಯಾನ್ ಕೆಳಗೆ ಹೊಲಿಯಬೇಡಿ, ಗಾಳಿ ಮೊಗ್ಗನ್ನು ಒಣಗಿಸುತ್ತದೆ. ಎಸಿ ಇದ್ದರೆ 24ಕ್ಕೆ ಇಟ್ಟು, ಪೋಣಿಸದ ಮೊಗ್ಗಿನ ಮೇಲೆ ಹಿಂಡಿದ ಒದ್ದೆ ಮಲ್ ಬಟ್ಟೆ ಹಾಕಿ. ನೀರು ಬಟ್ಟೆಯಲ್ಲಿರಬೇಕು, ಮೊಗ್ಗಿನ ಮೇಲಲ್ಲ.

ನಡುವಿನ ಚಿತ್ತಾರಕ್ಕೆ ಜನ ಕನಕಾಂಬರ ಕೇಳುತ್ತಾರೆ. ಬಣ್ಣ ಒಪ್ಪುತ್ತದೆ, ಆದರೆ ಅದರ ಎಸಳು ಕಾಗದಕ್ಕಿಂತ ತೆಳು, ಎಸಿ ಹಾಲ್‌ನಲ್ಲಿ ಬೇಗ ಮುದುಡುತ್ತದೆ. ಹಾಕಲೇಬೇಕಿದ್ದರೆ ಬೆಳಿಗ್ಗೆ, ಕೊನೆಗೆ. ಮಡಿಸಿದ ಕೆಂಪು ಗುಲಾಬಿ ಎಸಳು ಹೆಚ್ಚು ತಾಳುತ್ತದೆ. ಹಸಿರಿಗೆ ಮಾಟುಂಗಾ ಪೂರ್ವದ ಹೂವಿನ ಅಂಗಡಿಗಳಲ್ಲಿ ಸಿಗುವ ಮರುಗವೇ ನನ್ನ ಆಯ್ಕೆ. ಬಾಡಿದರೂ ಬಣ್ಣ ಬಿಡುವುದಿಲ್ಲ, ಘಮವೂ ಇದೆ. ಇಡೀ ಗುಲಾಬಿ ಮಾತ್ರ ಬೇಡ, ಭಾರ.

ಸಂಜೆ ಐದರೊಳಗೆ ಜಡೆ ಫ್ರಿಜ್‌ನಲ್ಲಿರಬೇಕು. ತರಕಾರಿ ಡಬ್ಬಿಯಿರುವ ಕೆಳಗಿನ ಭಾಗ, 8-10 ಡಿಗ್ರಿ. ಅದಕ್ಕಿಂತ ತಣ್ಣಗಾದರೆ ಎಸಳು ಗಾಜಿನಂತಾಗಿ ಹೊರಗೆ ತೆಗೆದ ಮೇಲೆ ಕಪ್ಪಾಗುತ್ತದೆ. ಫ್ರೀಜರ್ ಮಾತೇ ಬೇಡ. ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಅದರ ಮೇಲೊಂದು ಒಣ ಬಟ್ಟೆ, ಅದರ ಮೇಲೆ ಜಡೆ, ಮುಚ್ಚಳ ಸಡಿಲ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಒಳಗೆ ಬೆವರುತ್ತದೆ. ಫ್ರಿಜ್‌ನಿಂದ ಮಾಗಿದ ಬಾಳೆಹಣ್ಣು, ಸೇಬು, ಮಾವು ಹೊರಗಿರಲಿ. ಅವು ಬಿಡುವ ಎಥಿಲೀನ್ ಅನಿಲ ಮೊಗ್ಗನ್ನು ಬೇಗ ಮುದಿಯಾಗಿಸುತ್ತದೆ, ಮದುವೆಮನೆಯ ಫ್ರಿಜ್‌ನಲ್ಲಿ ಹಣ್ಣಿಲ್ಲದೆ ಇರುವುದೂ ಇಲ್ಲ. ಡೊಂಬಿವಲಿಯಲ್ಲಿ ಹೊಲಿದು ಕುರ್ಲಾದ ಬಂಟರ ಸಂಘದ ಸಭಾಂಗಣಕ್ಕೆ ಒಯ್ಯುವುದಿದ್ದರೆ ಥರ್ಮೊಕೋಲ್ ಪೆಟ್ಟಿಗೆ ಬೇಕು. ಐಸ್ ಪ್ಯಾಕನ್ನು ಟವೆಲಿನಲ್ಲಿ ಸುತ್ತಿ ಪಕ್ಕಕ್ಕಿಡಿ, ಜಡೆಗೆ ತಾಗದಿರಲಿ.

ಮುಂಬಯಿಯ ಸೆಕೆಯಲ್ಲಿ ಇನ್ನೊಂದು ತೊಂದರೆ. ತಣ್ಣನೆಯ ಜಡೆ ಹೊರಗೆ ಬಂದ ಕೂಡಲೇ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಒದ್ದೆ ಮೊಗ್ಗನ್ನು ಕೈಯಲ್ಲಿ ಹಿಡಿದರೆ ಬೆರಳಚ್ಚು ಕಂದಾಗಿ ಮೂಡುತ್ತದೆ. ಬಿಗಿಯುವ ಇಪ್ಪತ್ತು ನಿಮಿಷ ಮುಂಚೆ ತೆಗೆದು ಒಣ ಹತ್ತಿ ಬಟ್ಟೆಯ ಮೇಲಿಟ್ಟು, ಫ್ಯಾನನ್ನು ಈಗ ಹಾಕಿ, ನಿಧಾನಕ್ಕೆ.

ತಲೆಸ್ನಾನ ಹಿಂದಿನ ದಿನವೇ ಆಗಿರಲಿ. ಅಂದು ಬೆಳಿಗ್ಗೆ ತೊಳೆದ ಕೂದಲು ಜಾರುತ್ತದೆ, ಪಿನ್ ನಿಲ್ಲುವುದಿಲ್ಲ. ಎಣ್ಣೆಯೂ ಬೇಡ, ಎಣ್ಣೆ ತಾಗಿದ ಎಸಳು ಪಾರದರ್ಶಕವಾಗಿ ಕಾಣುತ್ತದೆ. ಹೇರ್ ಸ್ಪ್ರೇ ಹೊಡೆಯುವುದಿದ್ದರೆ ಜಡೆ ಏರಿಸುವ ಮುಂಚೆಯೇ ಹೊಡೆದು ಹತ್ತು ನಿಮಿಷ ಆರಲು ಬಿಡಿ. ಅದರ ಆಲ್ಕೋಹಾಲ್ ಮಲ್ಲಿಗೆಯನ್ನು ಸುಡುತ್ತದೆ. ಮೇಕಪ್‌ನವರು ಕೊನೆಯ ಗಳಿಗೆಯಲ್ಲಿ ‘ಸೆಟ್ ಮಾಡ್ತೀನಿ’ ಎಂದು ಡಬ್ಬಿ ಎತ್ತುವುದು ವಾಡಿಕೆ, ಕಾವಲಿರಿ.

ಹೆರಳು ಕುತ್ತಿಗೆಯ ಮಟ್ಟದಿಂದ ಬಿಗಿಯಾಗಿ ಶುರುವಾಗಬೇಕು, ಉದ್ದ ಸಾಲದಿದ್ದರೆ ಅಲ್ಲೇ ಚೌರಿ ಸೇರಿಸಿ. ಮೊಗ್ಗು, ಪಟ್ಟಿ, ಬಿಲ್ಲೆಗಳು, ಕುಚ್ಚು ಎಲ್ಲ ಸೇರಿ ಅರ್ಧ ಕಿಲೋ ದಾಟುತ್ತದೆ. ಇಷ್ಟನ್ನೂ ಮೇಲಿನ ಎರಡು ಪಿನ್ನಿಗೆ ನೇತುಹಾಕಿದರೆ ಧಾರೆಗೆ ಮುಂಚೆಯೇ ಮದುಮಗಳಿಗೆ ತಲೆನೋವು. ಭಾರ ಹೆರಳಿನ ಉದ್ದಕ್ಕೂ ಹಂಚಿಹೋಗಬೇಕು, ನಾಡಗಳಿರುವುದೇ ಅದಕ್ಕೆ. ಮೊದಲು ಮೇಲಿನ ತುದಿಯನ್ನು ಒಂದರ ಮೇಲೊಂದು ಅಡ್ಡ ಹಾಯುವ ನಾಲ್ಕು ಯು-ಪಿನ್ನಿನಲ್ಲಿ ಹಿಡಿಸಿ, ಆಮೇಲೆ ಪ್ರತಿ ಜೋಡಿ ನಾಡವನ್ನು ಹೆರಳಿನ ಎಳೆಗಳ ನಡುವೆ ತೂರಿಸಿ ಹಿಂದೆ ಗಂಟು ಹಾಕಿ. ಹೆರಳನ್ನು ಬಳಸಿ ಸುಮ್ಮನೆ ಸುತ್ತಿ ಕಟ್ಟಿದರೆ ಹೆರಳು ದುಂಡಗಿರುವುದರಿಂದ ಜಡೆ ತಿರುಗುತ್ತದೆ. ಸಪ್ತಪದಿಯ ವಿಡಿಯೊದಲ್ಲಿ ಮೊಗ್ಗಿನ ಬದಲು ನಾಡ ಕಾಣುತ್ತದೆ. ಬಿಲ್ಲೆ, ನಾಗರ, ಕುಚ್ಚು ಭುಲೇಶ್ವರದಲ್ಲಿ ಬೇಕಾದಷ್ಟು ಸಿಗುತ್ತವೆ. ಟೊಳ್ಳಾದ ಹಗುರ ಬಿಲ್ಲೆಗಳನ್ನೇ ಆರಿಸಿ, ಹಿಂಬದಿಯ ಕೊಕ್ಕೆ ಚೂಪಾಗಿದ್ದರೆ ಮಡಚಿ. ಸೀರೆಯ ಸೆರಗನ್ನು ಜಡೆ ಏರುವ ಮೊದಲೇ ಪಿನ್ ಮಾಡಿ ಮುಗಿಸಿರಬೇಕು. ಕುರ್ಚಿಗೆ ಒರಗುವ ಮುಂಚೆ ಜಡೆಯನ್ನು ಮುಂದಕ್ಕೆ ಹಾಕಿಕೊಳ್ಳಲು ಜೊತೆಯಲ್ಲಿರುವ ತಂಗಿಗೋ ಗೆಳತಿಗೋ ಹೇಳಿಡಿ. ಒಂದೇ ಒಂದು ಸಲ ಒರಗಿದರೂ ನಡುವಿನ ಹತ್ತು ಸಾಲು ಹೋಯಿತೆಂದೇ ಲೆಕ್ಕ.

ಇನ್ನು ಪರಿಮಳ. ಮುಚ್ಚಿದ ಮೊಗ್ಗಿಗೆ ವಾಸನೆ ಇಲ್ಲವೆಂದೇ ಹೇಳಬೇಕು. ದುಂಡುಮಲ್ಲಿಗೆ ಘಮ ಬಿಡುವುದು ಬಿರಿಯುವಾಗ. ಚೆನ್ನಾಗಿ ಕಾಪಾಡಿದ ಮೊಗ್ಗಿನ ಜಡೆ ಮುಹೂರ್ತದ ಹೊತ್ತಿಗೆ ಘಮಘಮಿಸದಿದ್ದರೆ ಅದು ದೋಷವಲ್ಲ. ಪರಿಮಳಕ್ಕೆ ಬೇರೆ ಹೂವು ಬೇಕು, ಅದಕ್ಕೆ ಉಡುಪಿ ಮಲ್ಲಿಗೆಗೆ ಸಾಟಿಯಿಲ್ಲ. ಶಂಕರಪುರದ ಕಡೆಯಿಂದ ಬಾಳೆನಾರಿನಲ್ಲಿ ಕಟ್ಟಿಯೇ ಬರುತ್ತದೆ. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟಿ. ಪ್ರಯಾಣದಲ್ಲಿ ರಾತ್ರಿ ಕಳೆದು ಮುಂಬಯಿಗೆ ಬರುವಷ್ಟರಲ್ಲಿ ಅರಳಿರುತ್ತದೆ, ಜಡೆಯ ಮೈಗೆ ಒದಗದು. ಆದರೆ ಅರ್ಧ ಚೆಂಡನ್ನು ಜಡೆ ಶುರುವಾಗುವಲ್ಲಿ, ಕುತ್ತಿಗೆಯ ಮೇಲ್ಗಡೆ ದಂಡೆಯಾಗಿ ಸುತ್ತಿದರೆ ಪಿನ್ನುಗಳೂ ಮುಚ್ಚಿದವು, ಮಂಟಪವೂ ಘಮಿಸಿತು. ಮಧ್ಯಾಹ್ನ ಒಂದೆರಡರ ಹೊತ್ತಿಗೆ ಜಡೆಯ ಮೊಗ್ಗು ತಾನಾಗಿ ಬಾಯಿಬಿಡುತ್ತದೆ, ಆಗ ದಂಡೆಯನ್ನು ತೆಗೆದರೂ ಆಯಿತು. ಜಡೆಯ ಮೇಲೆ ಸೆಂಟು ಹೊಡೆಯಬೇಡಿ. ಬೇಕಿದ್ದರೆ ಮೊಗರಾ ಅತ್ತರನ್ನು ಮಣಿಕಟ್ಟಿಗೆ ಹಚ್ಚಿಕೊಳ್ಳಲಿ, ಅದೂ ರೇಷ್ಮೆಗೆ ತಾಗದ ಹಾಗೆ.

2018ರ ನವೆಂಬರ್‌ನಲ್ಲಿ ಬೆಂಗಳೂರಿನ ಆರತಕ್ಷತೆಗೆ ದೀಪಿಕಾ ಪಡುಕೋಣೆ ಚಿನ್ನದ ಬಣ್ಣದ ಕಾಂಜೀವರಂ ಉಟ್ಟು, ತುರುಬಿಗೆ ಹೂ ಸುತ್ತಿದ್ದನ್ನು ನೋಡಿದ ಮೇಲೆ ಜಡೆ ಬೇಡ, ತುರುಬೇ ಸಾಕು ಎನ್ನುವವರು ಇದ್ದಾರೆ. ಸಂಜೆಯ ಆರತಕ್ಷತೆಗೆ ನನ್ನ ಮತವೂ ಅದೇ. 13-14 ಇಂಚು ಸುತ್ತಳತೆಯ ತುರುಬಿಗೆ ಮೂರು ಸುತ್ತು, ಒಂದೂಕಾಲು ಮೀಟರ್ ದಂಡೆ ಸಾಕು. ಅಂದು ಬೆಳಿಗ್ಗೆ ತಂದ ಮೊಗ್ಗು ಫ್ರಿಜ್ ಇಲ್ಲದೆಯೇ ಸರಿಯಾದ ಸಮಯಕ್ಕೆ ಬಿರಿಯುತ್ತದೆ. ಧಾರೆಗೆ ಮತ್ತು ಸೀಮಂತಕ್ಕೆ ಮಾತ್ರ ಜಡೆಯೇ ಇರಲಿ. ಬಾಡಿಗೆಗೆ ಸಿಗುವ ಬಟ್ಟೆಮೊಗ್ಗಿನ ಜಡೆ ದೂರದಿಂದ ಮೋಸ ಮಾಡಬಲ್ಲದು, ಆದರೆ ಅದರ ಬಿಳಿಗೆ ನೀಲಿ ಛಾಯೆ ಇರುತ್ತದೆ, ಫ್ಲ್ಯಾಷ್ ಬಿದ್ದರೆ ಗುಟ್ಟು ರಟ್ಟು.

ಬಿಚ್ಚುವಾಗ ಅವಸರ ಬೇಡ. ಬಿಲ್ಲೆಗಳು ಮೊದಲು. ಆಮೇಲೆ ಕೆಳಗಿನ ನಾಡದಿಂದ ಶುರುಮಾಡಿ ಒಂದೊಂದೇ ಬಿಚ್ಚುತ್ತಾ ಮೇಲೆ ಹೋಗಿ. ಒಬ್ಬರು ಜಡೆಯನ್ನು ಅಡಿಯಿಂದ ಕೈಯಲ್ಲಿ ಹೊತ್ತಿರಬೇಕು, ಇಲ್ಲವಾದರೆ ಕೊನೆಗೆ ಪೂರ್ತಿ ಭಾರ ಯು-ಪಿನ್ನಿಗೆ ಬಿದ್ದು ಕೂದಲು ಬೇರಿನಿಂದ ಎಳೆಯುತ್ತದೆ. ಪಿನ್ನುಗಳನ್ನು ಎಣಿಸಿ ಹಾಕಿ, ಎಣಿಸಿಯೇ ತೆಗೆಯಿರಿ. ಮೊಗ್ಗಿನ ದಾರ ಕತ್ತರಿಸಿ ಕೊಡವಿ, ಪಟ್ಟಿಯನ್ನು ಅಂದೇ ತೊಳೆದು ಬಿಸಿಲಿಗೆ ಹಾಕಿದರೆ ಇನ್ನೊಂದು ಮದುವೆಗೆ ಬರುತ್ತದೆ. ಒಂದು ದಿನ ತಡವಾದರೆ ಮಲ್ಲಿಗೆಯ ಹಳದಿ ಕಲೆ ಹತ್ತಿಯಿಂದ ಹೋಗುವುದಿಲ್ಲ.