ಒಂದೇ ಟಿವಿಯಲ್ಲಿ ಅಂಬಾರಿಯೂ ಕ್ರಿಕೆಟ್ಟೂ: ಮೂಲೆಯ ಪುಟ್ಟ ಕಿಟಕಿ ತೆರೆಯುವುದು ಹೇಗೆ?

ವಿಜಯದಶಮಿಯ ಮಧ್ಯಾಹ್ನ ಚಂದನದಲ್ಲಿ ಜಂಬೂ ಸವಾರಿಯ ನೇರಪ್ರಸಾರ ಇರುತ್ತದೆ. ಅದೇ ಹೊತ್ತಿಗೆ ಕ್ರಿಕೆಟ್ ಮ್ಯಾಚೂ ಬಂದರೆ ಮೈಸೂರಿನ ಮನೆಗಳಲ್ಲಿ ರಿಮೋಟಿಗೆ ಜಗಳ ಗ್ಯಾರಂಟಿ. ದೊಡ್ಡ ಚಿತ್ರದ ಮೂಲೆಯಲ್ಲಿ ಇನ್ನೊಂದು ಚಾನೆಲ್ ಪುಟ್ಟದಾಗಿ ಓಡುವ ಸೌಲಭ್ಯ ಇರುವುದು ಇಂಥ ಹೊತ್ತಿಗೇ. ಇದಕ್ಕೆ ಪಿಕ್ಚರ್ ಇನ್ ಪಿಕ್ಚರ್, ಚಿಕ್ಕದಾಗಿ ಪಿಐಪಿ ಅಂತಾರೆ. ರೆಕಾರ್ಡಿಂಗ್ ಇರುವ ಸೆಟ್ ಟಾಪ್ ಬಾಕ್ಸ್ ತಂದರೆ ಇದೂ ಜೊತೆಗೇ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ದುಡ್ಡು ಕೊಡುವ ಮುಂಚೆ ಕಾರಣ ತಿಳಿದಿರಲಿ.

ಕೇಬಲ್ ವೈರಿನಲ್ಲಿ ನೂರಾರು ಚಾನೆಲ್ ಒಟ್ಟಿಗೇ ಬರುತ್ತವೆ. ಬೇಕಾದ್ದನ್ನು ಹಿಡಿಯುವುದು ಟ್ಯೂನರ್. ಹಿಡಿದದ್ದನ್ನು ಬಿಚ್ಚಿ ಚಿತ್ರ ಮಾಡುವುದು ಡಿಕೋಡರ್. ಒಂದನ್ನು ನೋಡುತ್ತಾ ಇನ್ನೊಂದನ್ನು ರೆಕಾರ್ಡ್ ಮಾಡಲು ಎರಡು ಟ್ಯೂನರ್ ಸಾಕು. ರೆಕಾರ್ಡ್ ಆಗುವ ಚಾನೆಲ್ ಚಿತ್ರವಾಗದೆಯೇ ಡಿಸ್ಕಿಗೆ ಹೋಗಿ ಕೂರುತ್ತದೆ. ಪಿಐಪಿಗಾದರೆ ಎರಡನ್ನೂ ಅದೇ ಕ್ಷಣದಲ್ಲಿ ಬಿಚ್ಚಿ ತೋರಿಸಬೇಕು. ಅಮೆರಿಕದಲ್ಲಿ ಎಕ್ಸ್‌ಪ್ಲೋರರ್ 8300 ಎಂಬ ಕೇಬಲ್ ಬಾಕ್ಸ್‌ನಲ್ಲಿ ಪಿಐಪಿ ಇತ್ತು. ಅಲ್ಲೇ ಹೆಸರುವಾಸಿಯಾದ ರೆಕಾರ್ಡಿಂಗ್ ಬಾಕ್ಸ್ ಟಿವೊ ಸೀರೀಸ್ 2ರ ಎರಡು ಟ್ಯೂನರ್ ಮಾದರಿಯಲ್ಲಿ ಇರಲಿಲ್ಲ.

ಮೊದಲು ರಿಮೋಟ್ ನೋಡಿ. ಪಿಐಪಿ, ಸ್ವಾಪ್ (ದೊಡ್ಡ-ಪುಟ್ಟ ಚಿತ್ರ ಅದಲುಬದಲು ಮಾಡುವುದು) ಅಂತ ಬಟನ್ ಇದೆಯಾ? ಇಲ್ಲವೆಂದರೆ ಬಾಕ್ಸಿನ ಮೆನುವಿನಲ್ಲಿ ಹುಡುಕಿ. ಅಲ್ಲೂ ಸಿಗದಿದ್ದರೆ ಕೇಬಲ್‌ನವರನ್ನು ಕೇಳಿ. ‘ಎರಡು ಚಾನೆಲ್ ರೆಕಾರ್ಡ್ ಆಗುತ್ತಾ’ ಅಂತ ಕೇಳಬೇಡಿ, ‘ಎರಡು ಚಾನೆಲ್ ಒಟ್ಟಿಗೇ ಪರದೆ ಮೇಲೆ ಕಾಣುತ್ತಾ’ ಅಂತಲೇ ಕೇಳಿ.

ಟ್ಯೂನರ್ ಎಷ್ಟಿದೆ ಅಂತ ಮನೆಯಲ್ಲೇ ನೋಡಬಹುದು. ಒಂದು ಚಾನೆಲ್ ರೆಕಾರ್ಡಿಗೆ ಹಾಕಿ, ಬೇರೆ ಬೇರೆ ಚಾನೆಲ್ ತಿರುಗಿಸಿ. ‘ರೆಕಾರ್ಡಿಂಗ್ ನಿಲ್ಲಿಸಬೇಕೇ’ ಅಂತ ಬಾಕ್ಸ್ ಕೇಳಿದರೆ ಇರುವುದು ಒಂದೇ. ಆದರೆ ಒಂದೆರಡು ಚಾನೆಲ್ ಬದಲಾಯಿತು ಅಂತ ಖುಷಿಪಡಬೇಡಿ. ಡಿಜಿಟಲ್ ಕೇಬಲ್‌ನಲ್ಲಿ ಒಂದೇ ಫ್ರೀಕ್ವೆನ್ಸಿಯ ಮೇಲೆ ಹಲವು ಚಾನೆಲ್ ಸಾಗುತ್ತವೆ. ಅವುಗಳಲ್ಲಿ ಯಾವ ಎರಡನ್ನಾದರೂ ಒಂದೇ ಟ್ಯೂನರ್ ಹಿಡಿದುಬಿಡುತ್ತದೆ. ಕನ್ನಡ, ಸುದ್ದಿ, ಕ್ರೀಡೆ, ಹಿಂದಿ ಎಲ್ಲವನ್ನೂ ಹಾಕಿ ನೋಡಿ.

ಪಿಐಪಿ ಇರುವ ಬಾಕ್ಸ್ ಸಿಕ್ಕಿತು ಅನ್ನಿ. ಮ್ಯಾಚ್ ಹಾಕಿ, ಪಿಐಪಿ ಒತ್ತಿ, ಪುಟ್ಟ ಕಿಟಕಿಗೆ ಚಂದನ ತನ್ನಿ. ಸದ್ದು ದೊಡ್ಡ ಚಿತ್ರದ್ದೇ ಬರುತ್ತದೆ. ಉಲ್ಟಾ ಮಾಡಿ ಮ್ಯಾಚನ್ನು ಮೂಲೆಗೆ ಹಾಕಬಹುದು, ಆದರೆ 32 ಇಂಚಿನ ಟಿವಿಯಲ್ಲಿ ಸ್ಕೋರಿನ ಅಕ್ಷರ ಕಣ್ಣಿಗೆ ಹತ್ತುವುದಿಲ್ಲ. ನನ್ನ ಪ್ರಕಾರ ಪುಟ್ಟ ಕಿಟಕಿ ಇರುವುದು ಕಾಯುವುದಕ್ಕೆ. ಮೊದಲು ಸ್ತಬ್ಧಚಿತ್ರಗಳು, ಕಲಾತಂಡಗಳು ಸಾಗುತ್ತವೆ. ಪುಷ್ಪಾರ್ಚನೆ ಆಗಿ 750 ಕೆಜಿಯ ಚಿನ್ನದ ಅಂಬಾರಿ ಹೊತ್ತ ಆನೆ ಹೆಜ್ಜೆ ಎತ್ತಿದ ಕೂಡಲೇ ಸ್ವಾಪ್ ಒತ್ತಿ. ಆಗ ಮಾತ್ರ ಇಡೀ ಪರದೆ ಅಂಬಾರಿಯದ್ದೇ ಆಗಬೇಕು, ಅಲ್ವಾ?

ಚಿತ್ರ ಚೌಕ ಚೌಕವಾಗಿ ಒಡೆದರೆ ಬಾಕ್ಸನ್ನು ಬೈಯುವ ಮುಂಚೆ ವೈರ್ ನೋಡಿ. ಒಂದೇ ವೈರನ್ನು ಸ್ಪ್ಲಿಟರ್ ಹಾಕಿ ಎರಡು ಕೋಣೆಗೆ ಎಳೆದಿದ್ದರೆ ಸಿಗ್ನಲ್ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ. ಅದನ್ನು ತೆಗೆಸಿ ನೋಡಿ.

ಬಾಕ್ಸ್‌ನಲ್ಲಿ ಪಿಐಪಿ ಇಲ್ಲವೇ? ಕೆಲವು ಟಿವಿಗಳಲ್ಲೇ ಈ ಸೌಲಭ್ಯ ಇರುತ್ತದೆ. ಆದರೆ ಎರಡು ಚಿತ್ರ ಎರಡು ಬೇರೆ ಜಾಗದಿಂದ ಬರಬೇಕು. ಕೇಬಲ್ ಬಾಕ್ಸನ್ನು ಎಚ್‌ಡಿಎಂಐಗೆ, ಡಿಡಿ ಫ್ರೀ ಡಿಶ್ ಬಾಕ್ಸನ್ನು ಕೆಂಪು-ಬಿಳಿ-ಹಳದಿ ಪಿನ್ನಿನ ಎವಿಗೆ ಕೊಡಿ. ಫ್ರೀ ಡಿಶ್‌ನಲ್ಲಿ ಚಂದನ ಬರುತ್ತದೆ, ತಿಂಗಳ ಬಾಡಿಗೆಯೂ ಇಲ್ಲ. ಎಚ್‌ಡಿಎಂಐ ಮತ್ತು ಎವಿ ಜೋಡಿಗೆ ನಿಮ್ಮ ಟಿವಿ ಒಪ್ಪುತ್ತದೆಯೇ ಅಂತ ಕೈಪಿಡಿಯಲ್ಲಿ ನೋಡಿಕೊಂಡೇ ಡಿಶ್ ಕೊಳ್ಳಿ.

ಅದೂ ಆಗದಿದ್ದರೆ ಮ್ಯಾಚ್ ನೋಡಿ, ಸವಾರಿ ರೆಕಾರ್ಡ್ ಮಾಡಿ. ಸೆಕೆಂಡಿಗೆ 8 ಮೆಗಾಬಿಟ್‌ನ ಎಚ್‌ಡಿ ಚಿತ್ರ ಗಂಟೆಗೆ ಸುಮಾರು 3.6 ಜಿಬಿ ಜಾಗ ತಿನ್ನುತ್ತದೆ. ಯುಎಸ್‌ಬಿ ಬಾಕ್ಸಾದರೆ ಖಾಲಿ ಪೆನ್‌ಡ್ರೈವನ್ನೇ ಹಾಕಿ. ಫಾರ್ಮ್ಯಾಟ್ ಮಾಡಬೇಕೇ ಅಂತ ಬಾಕ್ಸ್ ಕೇಳಿದಾಗ ಸುಮ್ನೆ ಓಕೆ ಒತ್ತಿದರೆ ಅದರೊಳಗಿನ ಮದುವೆ ಫೋಟೊಗಳೆಲ್ಲ ಅಳಿಸಿಹೋಗುತ್ತವೆ.