ರೂಪಾಯಿಗೆ ಎಷ್ಟಾಣೆ ಕಮ್ಮಿ?

ಆರ್ಥೋ ಪಿಜಿ ಮಾಡುವಾಗ ಥೀಸಿಸ್‌ಗೆ ನಾನು ಆರಿಸಿಕೊಂಡಿದ್ದು ಮಂಡಿ ಸವೆತಕ್ಕೆ ಕೊಡುವ ಇಂಜೆಕ್ಷನ್. ಒಂದು ಗುಂಪಿಗೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್, 40 ಮಿ.ಗ್ರಾಂ. ಇನ್ನೊಂದಕ್ಕೆ ಬರೀ ಸಲೈನ್, ಅಂದರೆ ಉಪ್ಪುನೀರು. ಉಪ್ಪುನೀರೂ ಸಿಗಬಹುದು ಅಂತ ಸಹಿ ಹಾಕಿಸಿಕೊಳ್ಳುವಾಗಲೇ ಎಲ್ಲರಿಗೂ ಹೇಳಿದ್ದೆವು. ಯಾರಿಗೆ ಯಾವುದು ಅನ್ನುವುದು ಮುಚ್ಚಿದ ಲಕೋಟೆಯಲ್ಲಿ. ಚುಚ್ಚುವುದು ನಮ್ಮ ಸರ್, ಆಮೇಲೆ ನೋವು ವಿಚಾರಿಸುವುದು ನಾನು. ರೋಗಿಗೂ ನನಗೂ ಗುಟ್ಟು ಗೊತ್ತಾಗಬಾರದು.

ಚುಚ್ಚುವುದೇನೂ ಕಷ್ಟವಲ್ಲ. ಕಾಲು ಚಾಚಿಸಿ, ಮಂಡಿಚಿಪ್ಪಿನ ಮೇಲಿನ ಹೊರಮೂಲೆಯಿಂದ ಸೂಜಿ ಹಾಕಿ, ನೀರು ತುಂಬಿದ್ದರೆ ಮೊದಲು ಎಳೆದು ತೆಗೆಯುವುದು. ಕಷ್ಟವೆಲ್ಲ ಗುಟ್ಟು ಕಾಯುವುದರಲ್ಲಿ. ಟ್ರಯಾಮ್ಸಿನೊಲೋನ್ ಹಾಲಿನ ಹಾಗೆ ಬೆಳ್ಳಗಿರುತ್ತದೆ, ಸಲೈನ್ ತಿಳಿನೀರು. ಸಿರಿಂಜಿಗೆ ಪ್ಲಾಸ್ಟರ್ ಸುತ್ತಿದೆವು. ಆದರೂ ಒಬ್ಬ ಅಜ್ಜಿ, "ನಂಗ ಹಾಲಿನಂಥಾ ಔಷಧಿ ಹಾಕ್ಯಾರ್ರೀ ಸರ" ಅಂದುಬಿಟ್ಟರು. ಸೂಜಿ ತುದಿಯ ಹನಿ ನೋಡಿದ್ದರು! ಅವತ್ತಿಂದ ಮಂಡಿಗೂ ಮುಖಕ್ಕೂ ನಡುವೆ ಹಸಿರು ಬಟ್ಟೆಯ ಪರದೆ.

ನೋವು ಅಳೆಯಲು ವೋಮ್ಯಾಕ್ ಅಂತ 24 ಪ್ರಶ್ನೆಗಳಿವೆ. ಕೆನಡಾದಲ್ಲಿ ಹುಟ್ಟಿದ್ದು. ಸಾಕ್ಸ್ ಹಾಕಿಕೊಳ್ಳಲು ಎಷ್ಟು ಕಷ್ಟ, ಬಾತ್‌ಟಬ್‌ನಿಂದ ಏಳಲು ಎಷ್ಟು ಕಷ್ಟ ಎಂದೆಲ್ಲ ಕೇಳುತ್ತದೆ. ನಮ್ಮವರ ಕಷ್ಟ ಇರುವುದು ಕುಕ್ಕರುಗಾಲಲ್ಲಿ ಕೂತು ಏಳುವುದರಲ್ಲಿ, ಅಲ್ವಾ? ಪ್ರಶ್ನೆ ಬದಲಿಸಿದರೆ ಬೇರೆಯವರ ಲೆಕ್ಕಕ್ಕೆ ನಮ್ಮದು ತಾಳೆಯಾಗುವುದಿಲ್ಲ. ಅದಕ್ಕೆ ಇದನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡೆ. ಹತ್ತಕ್ಕೆ ಎಷ್ಟು ನೋವು ಅಂದರೆ ಸುಮ್ನೆ ನಗುವರು. "ರೂಪಾಯಿಗೆ ಎಷ್ಟಾಣೆ ಕಮ್ಮಿ ಆಗೇತಿ?" ಅಂದರೆ ತಟ್ಟನೆ ಉತ್ತರ: "ಎಂಟಾಣೆ ರೀ." ಆದರೆ ಆಣೆ ಹೇಳುವುದು ಮೊದಲಿಗಿಂತ ಎಷ್ಟು ಇಳಿಯಿತು ಅಂತ, ಈಗ ಎಷ್ಟಿದೆ ಅಂತಲ್ಲ. ಎರಡನ್ನೂ ಕೂಡಿಸುವ ಹಾಗಿಲ್ಲ. ಇದು ತಿಳಿಯುವಷ್ಟರಲ್ಲಿ ಒಂದು ತಿಂಗಳ ಹಾಳೆಗಳು ದಂಡವಾಗಿದ್ದವು.

ಒಂದು ತಿಂಗಳಿಗೆ ಸ್ಟೀರಾಯ್ಡ್‌ನವರು ಮುಂದಿದ್ದರು. ಮೂರು ತಿಂಗಳಿಗೆ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ. ಲಕೋಟೆ ಒಡೆದಾಗ, "ಹನ್ನೆರಡಾಣೆ ಕಮ್ಮಿ" ಅಂದಿದ್ದ ಅಜ್ಜನಿಗೆ ಹೋಗಿದ್ದು ಉಪ್ಪುನೀರು! ನೋವು ವಿಪರೀತವಾದ ದಿನವೇ ಜನ ಆಸ್ಪತ್ರೆಗೆ ಬರುತ್ತಾರೆ. ಆಮೇಲೆ ಅದು ತಾನಾಗಿಯೂ ಸ್ವಲ್ಪ ಇಳಿಯುತ್ತದೆ. ನಾವು ಹೇಳಿಕೊಟ್ಟ ತೊಡೆಯ ವ್ಯಾಯಾಮವೂ ಇತ್ತು, ಸೂಜಿಯ ಮೇಲಿನ ನಂಬಿಕೆಯೂ.

ದೊಡ್ಡ ಪರೀಕ್ಷೆಗಳಲ್ಲೂ ಉಪ್ಪುನೀರು ಹೀಗೇ ಕಾಡಿದೆ. ಬಾಸ್ಟನ್‌ನಲ್ಲಿ 140 ಜನರಿಗೆ ಎರಡು ವರ್ಷ, ಮೂರು ತಿಂಗಳಿಗೊಮ್ಮೆ ಚುಚ್ಚಿ ನೋಡಿದರು. 2017ರಲ್ಲಿ ಫಲಿತಾಂಶ ಬಂತು. ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಮೃದ್ವಸ್ಥಿ, ಅಂದರೆ ಕೀಲಿನೊಳಗೆ ಮೂಳೆತುದಿಗಿರುವ ನುಣುಪು ಹೊದಿಕೆ ಮಾತ್ರ ಸ್ಟೀರಾಯ್ಡ್‌ನವರಲ್ಲಿ ಜಾಸ್ತಿ ಸವೆದಿತ್ತು. ಪಿಆರ್‌ಪಿ, ಅಂದರೆ ನಮ್ಮದೇ ರಕ್ತದಿಂದ ತೆಗೆದು ಹಾಕುವ ಇಂಜೆಕ್ಷನ್ನಿನದೂ ಅದೇ ಕಥೆ. ಆಸ್ಟ್ರೇಲಿಯಾದ 288 ಜನರಲ್ಲಿ ಒಂದು ವರ್ಷದ ಬಳಿಕ ಅದು ಉಪ್ಪುನೀರನ್ನು ಮೀರಿಸಲಿಲ್ಲ.

ನಾನು ಇಂಜೆಕ್ಷನ್ ಬಿಟ್ಟಿಲ್ಲ. ಮಂಡಿ ಊದಿಕೊಂಡಿದೆ, ಹದಿನೈದು ದಿನಕ್ಕೆ ಮಗಳ ಮದುವೆ ಅಂದರೆ ಸ್ಟೀರಾಯ್ಡ್ ಕೊಡುತ್ತೇನೆ. ಶುಗರ್ ಇದ್ದವರಿಗೆ ಕೆಲವು ದಿನ ಅದು ಏರುತ್ತದೆ, ನೋಡಿಕೊಳ್ಳಿ ಅಂತ ಚೀಟಿಯಲ್ಲೇ ಬರೆಯುತ್ತೇನೆ. ಮೂರು ತಿಂಗಳಿಗೊಮ್ಮೆ ಹಾಕಿಬಿಡಿ ಅನ್ನುವವರಿಗೆ ಬಾಸ್ಟನ್ನಿನ ಕಥೆ.