ಲೈನ್‌ಬ್ಯಾಕರ್‌ನನ್ನು ಆರಿಸುವ ಮುನ್ನ ಅವನ ಮುಂದೆ ನಿಲ್ಲುವವರನ್ನು ನೋಡಿ

ಓಹಾಯೋದ ಕೊಲಂಬಸ್‌ನಿಂದ ಅರ್ಧ ಗಂಟೆ ದೂರದ ನಮ್ಮೂರಲ್ಲಿ ಆಗಸ್ಟ್ ಬಂತೆಂದರೆ ಹುಡುಗರು ಅಮೆರಿಕನ್ ಫುಟ್‌ಬಾಲ್‌ಗೆ ಪ್ಯಾಡ್ ಕಟ್ಟುತ್ತಾರೆ. ಒಂಬತ್ತು ವರ್ಷದಿಂದ ಇಲ್ಲಿನ ಹೈಸ್ಕೂಲಿನ ಕಿರಿಯರ ತಂಡದಲ್ಲಿ ಲೈನ್‌ಬ್ಯಾಕರ್‌ಗಳನ್ನು, ಅಂದರೆ ಡಿಫೆನ್ಸಿನ ಎರಡನೇ ಸಾಲಿನವರನ್ನು, ತಯಾರು ಮಾಡುವ ಕೆಲಸ ನನ್ನದು. ಮಗ ಆಡುತ್ತಿದ್ದಾಗ ನೀರಿನ ಬಾಟಲಿ ತುಂಬಿಸಿಕೊಡಲು ಹೋದವನು, ಅವನು ಕಾಲೇಜಿಗೆ ಹೋದ ಮೇಲೂ ಅಲ್ಲೇ ಉಳಿದುಕೊಂಡೆ. ಈಚೆಗೆ ಕನ್ನಡದ ಮನೆಗಳ ಹುಡುಗರೂ ಒಬ್ಬೊಬ್ಬರಾಗಿ ಫುಟ್‌ಬಾಲ್‌ಗೆ ಬರುತ್ತಿದ್ದಾರೆ. ಅವರ ಅಪ್ಪಂದಿರು ಕಾರಿನ ಬಾಗಿಲ ಹತ್ತಿರ ನಿಲ್ಲಿಸಿಕೊಂಡು ಕೇಳುವುದು ಒಂದೇ ಪ್ರಶ್ನೆ: "ಸಾರ್, ನಮ್ಮವನು ಲೈನ್‌ಬ್ಯಾಕರ್ ಆಗ್ತಾನಾ? ಈ ತೂಕ ಸಾಕಾ?" ಅವರಿಗೂ, ನನ್ನ ಹಾಗೆ ಕೊರಳಿಗೆ ಸೀಟಿ ಹಾಕಿಕೊಂಡ ಅಪ್ಪಂದಿರಿಗೂ ಇದನ್ನು ಬರೆಯುತ್ತಿದ್ದೇನೆ.

ತೂಕದ ಮಾತು ಆಮೇಲೆ. ಮೊದಲು ಕೇಳಬೇಕಾದ್ದು, ಅವನ ಮುಂದೆ ಯಾರು ನಿಲ್ಲುತ್ತಾರೆ ಅಂತ. ಲೈನ್‌ಬ್ಯಾಕರ್ ಚೆಂಡಿನ ಗೆರೆಯಿಂದ ನಾಲ್ಕೈದು ಯಾರ್ಡ್ ಹಿಂದೆ ನಿಲ್ಲುವವನು. ಅವನ ಮತ್ತು ಚೆಂಡಿನ ನಡುವೆ ನಮ್ಮ ಡಿಫೆನ್ಸ್ ಲೈನಿನವರು, ಅವರಾಚೆ ಎದುರಾಳಿಯ ಐದು ದಪ್ಪ ಹುಡುಗರು. ಆ ಐವರಲ್ಲಿ ನಡುವಿನವನು ಸೆಂಟರ್, ಅವನ ಎರಡು ಪಕ್ಕ ಗಾರ್ಡ್‌ಗಳು, ಅವರಾಚೆ ಟ್ಯಾಕಲ್‌ಗಳು. ಆ ಇಬ್ಬರು ಗಾರ್ಡ್‌ಗಳೇ ಲೈನ್‌ಬ್ಯಾಕರ್‌ನ ಶತ್ರುಗಳು. ಗಾರ್ಡ್ ಬಿಡುವಾಗಿ ಸಿಕ್ಕಿದರೆ ನೇರ ಬಂದು ಇವನ ಎದೆಗೆ ಹಾಯುತ್ತಾನೆ. ನಮ್ಮ ಲೈನಿನವನು ಗಾರ್ಡನ್ನು ಅಲ್ಲೇ ಕಟ್ಟಿಹಾಕಿದರೆ ಇವನು ಓಡಿ ಚೆಂಡು ಹಿಡಿದವನನ್ನು ಕೆಡವುತ್ತಾನೆ. ಸ್ಕೀಮ್ ಅಂದರೆ ಬಹುಮಟ್ಟಿಗೆ ಇಷ್ಟೇ: ಯಾವ ಗಾರ್ಡನ್ನು ಕಟ್ಟಿಹಾಕುತ್ತೇವೆ, ಯಾವನನ್ನು ಬಿಡುತ್ತೇವೆ.

ಇದನ್ನು ನಾನು ಕಲಿತದ್ದು ಒಬ್ಬ ಹುಡುಗನಿಗೆ ಕಷ್ಟ ಕೊಟ್ಟು. ಆ ವರ್ಷ ನಮ್ಮ ತಂಡ 3-4 ಆಡಬೇಕೆಂದು ನಾವು ಕೋಚ್‌ಗಳು ತೀರ್ಮಾನಿಸಿದೆವು. ಲೈನಿನಲ್ಲಿ ಮೂವರು, ಹಿಂದೆ ನಾಲ್ವರು ಲೈನ್‌ಬ್ಯಾಕರ್‌ಗಳು. ನಮ್ಮಲ್ಲಿ ಚುರುಕು ಹುಡುಗರು ಜಾಸ್ತಿ, ದಪ್ಪಗಿನವರು ಕಡಿಮೆ, ಅದಕ್ಕೆ 3-4 ಸರಿ ಅನ್ನಿಸಿತ್ತು. 158 ಪೌಂಡಿನ, ಅಂದರೆ ಸುಮಾರು 72 ಕಿಲೋದ, ಒಬ್ಬ ಹುಡುಗ ನಮ್ಮೆಲ್ಲರಿಗಿಂತ ಬೇಗ ಆಟ ಓದುತ್ತಿದ್ದ. ಅವನನ್ನು ಒಳಗಿನ ಲೈನ್‌ಬ್ಯಾಕರ್ ಮಾಡಿದೆ. ಮೂರನೇ ಪಂದ್ಯದ ಅರ್ಧ ವಿರಾಮದಲ್ಲಿ ಅವನು ಹೆಲ್ಮೆಟ್ ತೆಗೆದು ಹುಲ್ಲಿನ ಮೇಲಿಟ್ಟ. ಬಿಳಿ ಹೆಲ್ಮೆಟ್ಟಿನ ಹಣೆಯ ಮೇಲೆ ಎದುರಾಳಿಯ ಹೆಲ್ಮೆಟ್ಟಿನ ಕೆಂಪು ಬಣ್ಣ ಗೀರುಗೀರಾಗಿ ಮೆತ್ತಿಕೊಂಡಿತ್ತು. ಎಣಿಸಿದೆ, ಏಳು ಗೀರು. "ಕೋಚ್, ನನಗೆ ಚೆಂಡು ಎಲ್ಲಿದೆ ಅಂತಲೇ ಕಾಣ್ತಿಲ್ಲ" ಅಂದ. ಅವನಲ್ಲಿ ಯಾವ ಕೊರತೆಯೂ ಇರಲಿಲ್ಲ. ನಮ್ಮ ನೋಸ್ ಹುಡುಗ, ಅಂದರೆ ನಟ್ಟನಡುವೆ ಸೆಂಟರ್ ಎದುರು ನಿಲ್ಲುವವನು, ಇಬ್ಬರ ತಳ್ಳಾಟವನ್ನು ತಡೆಯಲಾರದವನಾಗಿದ್ದ. ಸೆಂಟರ್ ಒಬ್ಬನೇ ಅವನನ್ನು ನಿಭಾಯಿಸುತ್ತಿದ್ದ. ಗಾರ್ಡ್‌ಗಳಿಬ್ಬರೂ ಪ್ರತಿ ಆಟದಲ್ಲೂ ಆ 158 ಪೌಂಡಿನವನ ಮೇಲೆ ಬೀಳುತ್ತಿದ್ದರು. ಆ ಹೆಲ್ಮೆಟ್ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮಗುವಿನ ತಲೆ ಅದು.

ಹಾಗಾಗಿ ನನ್ನ ಮೊದಲ ಹೆಜ್ಜೆ ಲೈನ್‌ಬ್ಯಾಕರ್‌ಗಳ ಕಡೆ ನೋಡುವುದೇ ಅಲ್ಲ. ಮೊದಲ ವಾರ ಲೈನಿನ ಹುಡುಗರನ್ನು ಪರೀಕ್ಷಿಸಿ. ಒಬ್ಬನ ಎದುರು ಇಬ್ಬರನ್ನು ನಿಲ್ಲಿಸಿ, ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಮೂರು ಸೆಕೆಂಡ್ ತಳ್ಳಲು ಹೇಳಿ. ಸೀಟಿ ಊದಿದಾಗ ಅವನ ಪಾದ ಗೆರೆಯ ಮೇಲೇ ಇದ್ದರೆ ಅಥವಾ ಒಂದು ಯಾರ್ಡಿನೊಳಗೆ ಇದ್ದರೆ ನಿಮಗೊಬ್ಬ ನೋಸ್ ಸಿಕ್ಕ. ಅಂಥವನು ಒಬ್ಬನೂ ಇಲ್ಲವೆಂದರೆ ಲೈನಿನವರು ಎರಡೆರಡು ಸಂದು ಕಾಯುವ ಹಳೆಯ ಬಗೆಯ 3-4 ನಿಮಗಲ್ಲ. ಅದನ್ನು ಬಿಟ್ಟುಬಿಡಿ.

ಸಂದು ಅಂದೆ, ಅದನ್ನು ಹೇಳಿಬಿಡುತ್ತೇನೆ. ಸೆಂಟರ್ ಮತ್ತು ಗಾರ್ಡ್ ನಡುವಿನದು ಎ ಸಂದು. ಗಾರ್ಡ್ ಮತ್ತು ಟ್ಯಾಕಲ್ ನಡುವಿನದು ಬಿ. ಟ್ಯಾಕಲ್ ಮತ್ತು ಅವನ ಪಕ್ಕ ಸಾಲಿನ ತುದಿಗೆ ನಿಲ್ಲುವ ಟೈಟ್ ಎಂಡ್ ನಡುವಿನದು ಸಿ. ಅದರಾಚೆ ಡಿ. ಎರಡೂ ಬದಿಗೆ ಇದೇ ಲೆಕ್ಕ. ಟೈಟ್ ಎಂಡ್ ನಿಂತ ಬದಿ ಸ್ಟ್ರಾಂಗ್, ಇನ್ನೊಂದು ವೀಕ್. ಆಯಾ ಇಂಗ್ಲಿಷ್ ಪದದ ಮೊದಲ ಅಕ್ಷರ ಹಿಡಿದೇ 4-3ರ (ಲೈನಿನಲ್ಲಿ ನಾಲ್ವರು, ಹಿಂದೆ ಮೂವರು) ಮೂವರು ಲೈನ್‌ಬ್ಯಾಕರ್‌ಗಳಿಗೆ ಸ್ಯಾಮ್, ಮೈಕ್, ವಿಲ್ ಅನ್ನುವ ಹೆಸರು: ಸ್ಟ್ರಾಂಗ್ ಬದಿಗೆ ಸ್ಯಾಮ್, ಮಿಡಲ್‌ಗೆ ಮೈಕ್, ವೀಕ್ ಬದಿಗೆ ವಿಲ್.

ಎರಡನೇ ವಾರ ಲೈನ್‌ಬ್ಯಾಕರ್‌ಗಳ ಸರದಿ. ನಾನು ಮೂರೇ ವಿಷಯ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ.

ಮೊದಲನೆಯದು ಓದು. ಐದು ಕಸದ ಡಬ್ಬಿಗಳನ್ನು ಲೈನಿನಂತೆ ಸಾಲಾಗಿ ಇಡುತ್ತೇನೆ. ಗಾರ್ಡ್ ಜಾಗದ ಎರಡು ಡಬ್ಬಿಗಳ ಮುಂದೆ ಮಾತ್ರ ನಿಜವಾದ ಹುಡುಗರು. ಲೈನ್‌ಬ್ಯಾಕರ್ ಐದು ಯಾರ್ಡ್ ಹಿಂದೆ. ಗಾರ್ಡಿನ ಹೆಲ್ಮೆಟ್ ಮೇಲಕ್ಕೆದ್ದು ಅವನು ಹಿಂದೆ ಸರಿದರೆ ಪಾಸ್, ಅಂದರೆ ಎದುರಾಳಿ ಚೆಂಡು ಎಸೆಯುತ್ತಾನೆ. ಹೆಲ್ಮೆಟ್ ತಗ್ಗಿ ಮುಂದೆ ಬಂದರೆ ರನ್, ಅಂದರೆ ಚೆಂಡು ಹಿಡಿದು ಓಡುತ್ತಾನೆ. ಲೈನಿನ ಹಿಂದಿನಿಂದ ಅಡ್ಡ ಓಡಿದರೆ ಚೆಂಡು ಅವನು ಹೋದ ಕಡೆಗೇ ಹೋಗುತ್ತದೆ ಅಂತ ತಿಳಿದು ಬೆನ್ನಟ್ಟಬೇಕು. ಹತ್ತು ಸಲ ಮಾಡಿಸಿ, ಮೊದಲ ಹೆಜ್ಜೆ ಸರಿಯಾದದ್ದು ಎಷ್ಟು ಸಲ ಅಂತ ಬರೆಯಿರಿ. ಹತ್ತರಲ್ಲಿ ಎಂಟು ಸರಿ ಬಂದ ಹುಡುಗನನ್ನು ಎಷ್ಟೇ ಸಣ್ಣಗಿದ್ದರೂ ನಾನು ಬೆಂಚಿನಲ್ಲಿ ಕೂರಿಸುವುದಿಲ್ಲ.

ಎರಡನೆಯದು ಮುಖಾಮುಖಿ. ಗಾರ್ಡ್ ಬಂದು ಹಾಯ್ದಾಗ ಕೈಗಳಿಂದ ತಡೆದು, ಬಿಡಿಸಿಕೊಂಡು, ತನ್ನ ಸಂದಿನಲ್ಲೇ ನಿಲ್ಲಬಲ್ಲನೇ? ಇದನ್ನು ಅರ್ಧ ವೇಗದಲ್ಲಿ, ಹೆಚ್ಚುಕಡಿಮೆ ಅದೇ ತೂಕದವರ ನಡುವೆ ಮಾತ್ರ ಮಾಡಿಸಿ. ತಲೆ ಎತ್ತಿರಬೇಕು, ಕಣ್ಣು ಎದುರಿಗಿರಬೇಕು, ಕೆಡವುವಾಗ ತಾಗುವುದು ಭುಜವೇ ಹೊರತು ಹೆಲ್ಮೆಟ್ ಅಲ್ಲ.

ಮೂರನೆಯದು ಬಯಲು. ಬೆನ್ನು ತಿರುಗಿಸಿ ಹದಿನೈದು ಯಾರ್ಡ್ ಓಡುತ್ತಾ, ಕತ್ತು ಹೊರಳಿಸಿ ಚೆಂಡು ಹುಡುಕಬಲ್ಲನೇ? ಇಲ್ಲಿ ನಾನು ಅವನ ಸೊಂಟ ನೋಡುತ್ತೇನೆ. ಕೆಲವರು ತಿರುಗುವಾಗ ಎತ್ತಿನ ಗಾಡಿ ತಿರುಗಿದಂತೆ ಮೂರು ಹೆಜ್ಜೆ ತೆಗೆದುಕೊಳ್ಳುತ್ತಾರೆ. ಅವರು ಮುಂದಕ್ಕೆ ಓಡಿದರೇ ಚೆನ್ನ.

ಈಗ ಜೋಡಿಸುವ ಕೆಲಸ. ಹೊಸ ಕೋಚ್‌ಗಳಿಗೆ ನಾನು ಹೇಳುವುದು 4-3 ಅಂಡರ್‌ನಿಂದ ಶುರು ಮಾಡಿ ಅಂತ. ಇದರಲ್ಲಿ ನಿಮ್ಮ ಅತಿ ಚುರುಕಾದ ಲೈನಿನವನನ್ನು ವೀಕ್ ಬದಿಯ ಗಾರ್ಡಿನ ಹೊರಭುಜದ ಮೇಲೆ ನಿಲ್ಲಿಸುತ್ತೀರಿ. ಆ ಜಾಗಕ್ಕೆ 3-ಟೆಕ್ನಿಕ್ ಅನ್ನುತ್ತಾರೆ. ಗಾರ್ಡ್ ಅವನನ್ನು ಬಿಟ್ಟು ಬಂದರೆ ಇವನು ನೇರ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಹತ್ತಿರ ಹೋಗಿಬಿಡುತ್ತಾನೆ, ಹಾಗಾಗಿ ಗಾರ್ಡ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನೆ. ಅವನ ಹಿಂದೆ ನಿಂತ ವಿಲ್‌ನನ್ನು ಮುಟ್ಟುವವರೇ ಇಲ್ಲ. ಸಣ್ಣಗಿದ್ದು, ಓದು ಮತ್ತು ಬಯಲಿನಲ್ಲಿ ಹೆಚ್ಚು ಅಂಕ ಬಂದವನ ಜಾಗ ಅದೇ. ಮೈಕ್ ನಿಲ್ಲುವುದು ಸ್ಟ್ರಾಂಗ್ ಬದಿಯ ಬಿ ಸಂದಿನ ಹಿಂದೆ. ಆ ಬದಿಯ ಗಾರ್ಡ್ ಬಿಡುವಾಗಿರುತ್ತಾನೆ, ಆದ್ದರಿಂದ ಮೈಕ್‌ಗೆ ಮುಖಾಮುಖಿಯ ಅಂಕ ಬೇಕು. ಸ್ಯಾಮ್ ಲೈನಿಗೇ ಇಳಿದು ಟೈಟ್ ಎಂಡ್‌ನ ಹೊರಗೆ ನಿಂತು ಅಂಚು ಕಾಯುತ್ತಾನೆ. ಉದ್ದ ಕೈಯವನಾಗಿದ್ದರೆ ಒಳ್ಳೆಯದು.

ಇದಕ್ಕೆ ಒಳ್ಳೆಯ ಉದಾಹರಣೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿದೆ. ಟ್ಯಾಂಪಾ ಬೇ ತಂಡ 1995ರ ಡ್ರಾಫ್ಟಿನ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದರ, ಮೊದಲ ಸುತ್ತಿನಲ್ಲೇ ಇಬ್ಬರನ್ನು ತೆಗೆದುಕೊಂಡಿತು: 12ನೇ ಆಯ್ಕೆಯಾಗಿ ವಾರನ್ ಸ್ಯಾಪ್, 28ನೇ ಆಯ್ಕೆಯಾಗಿ ಡೆರಿಕ್ ಬ್ರೂಕ್ಸ್. ಸ್ಯಾಪ್ ಆ 3-ಟೆಕ್ನಿಕ್ ಜಾಗದಲ್ಲಿ ಗಾರ್ಡನ್ನು ಕಟ್ಟಿಹಾಕಿದ, ಬ್ರೂಕ್ಸ್ ವಿಲ್ ಆಗಿ ಮೈದಾನದ ತುಂಬಾ ಓಡಾಡಿದ. ಇಬ್ಬರೂ ಈಗ ನಮ್ಮ ಓಹಾಯೋದ ಕ್ಯಾಂಟನ್‌ನಲ್ಲಿರುವ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ಇಬ್ಬರ ಕಂಚಿನ ಮುಖಗಳನ್ನೂ ತೋರಿಸುತ್ತೇನೆ. ಬ್ರೂಕ್ಸ್‌ನ ವೇಗವನ್ನು ಹೊಗಳುವವರಿಗೆ ಸ್ಯಾಪ್‌ನ ಹೆಗಲೂ ನೆನಪಿರಬೇಕು.

ನಮ್ಮ 158 ಪೌಂಡಿನ ಹುಡುಗನನ್ನೂ ಮುಂದಿನ ವಾರ ಹಾಗೇ ವಿಲ್ ಮಾಡಿದೆವು. ಮುಂದೆ ಒಬ್ಬ 215 ಪೌಂಡಿನವನನ್ನು ನಿಲ್ಲಿಸಿದೆವು. ಮೊದಲ ಆಟದಲ್ಲೇ ಗಾರ್ಡ್ ಹೊರಡಲು ನೋಡಿದ, ಆಗಲಿಲ್ಲ. ಹುಡುಗ ಎ ಸಂದಿನಲ್ಲಿ ನುಗ್ಗಿ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ನನ್ನು ಗೆರೆಯ ಹಿಂದೆಯೇ ಕೆಡವಿದ. ಆ ರಾತ್ರಿ ಅವನ ಹೆಲ್ಮೆಟ್ಟಿನ ಮೇಲೆ ಎರಡೇ ಗೀರು.

ಅದೇ ಟ್ಯಾಂಪಾದ ಹೆಸರು ಹೊತ್ತ ಟ್ಯಾಂಪಾ-2 ಕವರೇಜ್, ಅಂದರೆ ಪಾಸ್ ಕಾಯುವ ಬಗೆ, ಆಡುವುದಾದರೆ ಮೈಕ್‌ನ ಲೆಕ್ಕ ಬದಲಾಗುತ್ತದೆ. ಪಾಸ್ ಅಂತ ತಿಳಿದ ಕೂಡಲೇ ಅವನು ಎಲ್ಲರಿಗಿಂತ ಹಿಂದೆ ಕಾಯುವ ಇಬ್ಬರು ಸೇಫ್ಟಿಗಳ ನಡುವಿನ ಖಾಲಿ ಜಾಗಕ್ಕೆ ಹಿಂದಕ್ಕೆ ಓಡಬೇಕು. ಶಿಕಾಗೋದಲ್ಲಿ ಬ್ರಯಾನ್ ಅರ್ಲಾಕರ್ ಆ ಕೆಲಸಕ್ಕೆ ಒದಗಿದ್ದು ಅವನು ಕಾಲೇಜಿನಲ್ಲಿ ಸೇಫ್ಟಿ ಆಡಿದವನಾದ್ದರಿಂದ. ನಿಮ್ಮ ಮೈಕ್ ಗಾಡಿಯಂತೆ ತಿರುಗುವವನಾದರೆ ಈ ಕವರೇಜ್ ಬೇಡ. ಹುಡುಗನಿಗೆ ಬೈದು ಪ್ರಯೋಜನವಿಲ್ಲ.

ಗಟ್ಟಿ ನೋಸ್ ಸಿಕ್ಕಿದವರು 3-4 ಆಡಿ, ಸಂತೋಷ. ಆಗ ಒಳಗಿನ ಇಬ್ಬರಲ್ಲಿ ಒಬ್ಬನಾದರೂ ಗಾರ್ಡನ್ನು ಎದುರಿಸಬಲ್ಲ ಗಟ್ಟಿಗನಾಗಿರಲಿ. ಅವನು ಬಡಿದಾಡಿ ಜಾಗ ಮುಚ್ಚುತ್ತಾನೆ, ಪಕ್ಕದವನು ಹರಿದುಹೋಗಿ ಕೆಡವುತ್ತಾನೆ. ಹೊರಗಿನ ಇಬ್ಬರ ಕೆಲಸವೇ ಬೇರೆ: ಒಂದು ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಮೇಲೆ ಏರಿಹೋಗಬೇಕು, ಮುಂದಿನದರಲ್ಲಿ ಹಿಂದೆ ಸರಿದು ಪಾಸ್ ಕಾಯಬೇಕು. ಎದುರಾಳಿಗೆ ಯಾವುದೆಂದು ಗೊತ್ತಾಗಬಾರದು, ಅಲ್ಲೇ 3-4ರ ಬಲ. ನ್ಯೂಯಾರ್ಕ್ ಜೈಂಟ್ಸ್‌ನ ಲಾರೆನ್ಸ್ ಟೇಲರ್ ಆ ಜಾಗದಿಂದಲೇ 1986ರಲ್ಲಿ 20.5 ಸ್ಯಾಕ್ (ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಮಾಡಿ ಇಡೀ ಲೀಗಿನ ಅತ್ಯುತ್ತಮ ಆಟಗಾರನೆನಿಸಿಕೊಂಡ. ನಿಮ್ಮ ತಂಡದಲ್ಲಿ ಲೈನಿಗೆ ಸಣ್ಣವನು, ಲೈನ್‌ಬ್ಯಾಕರ್‌ಗೆ ದೊಡ್ಡವನು ಅನ್ನಿಸುವ ಎತ್ತರದ ಹುಡುಗ ಒಬ್ಬ ಇದ್ದೇ ಇರುತ್ತಾನೆ. 4-3ರಲ್ಲಿ ಅವನು ಎಲ್ಲಿಗೂ ಹೊಂದದೆ ಬೇಸರದಲ್ಲಿರುತ್ತಾನೆ. ಇಲ್ಲಿ ಹೊರಗಡೆ ನಿಲ್ಲಿಸಿ ನೋಡಿ.

ಎಲ್ಲರೂ ಸಣ್ಣಗಿದ್ದು ಚುರುಕಾಗಿದ್ದರೆ 3-3-5 ಸ್ಟಾಕ್ ಇದೆ, ಕೊನೆಯ ಐವರು ಹಿಂದೆ ಪಾಸ್ ಕಾಯುವ ಡಿಫೆನ್ಸಿವ್ ಬ್ಯಾಕ್‌ಗಳು. ಮೂವರು ಲೈನ್‌ಬ್ಯಾಕರ್‌ಗಳು ಮೂವರು ಲೈನಿನವರ ಬೆನ್ನಹಿಂದೆ ಅಡಗಿದಂತೆ ನಿಲ್ಲುತ್ತಾರೆ. ಯಾರು ಯಾವ ಸಂದಿಗೆ ಬರುತ್ತಾರೆಂದು ಗಾರ್ಡ್‌ಗೆ ತಿಳಿಯುವುದಿಲ್ಲ. 4-3 ಆಡುವಾಗ ಎದುರಾಳಿ ಪಾಸ್ ಹಿಡಿಯುವ ನಾಲ್ವರು ರಿಸೀವರ್‌ಗಳನ್ನು ಹರಡಿ ನಿಲ್ಲಿಸಿದರೆ ಸ್ಯಾಮ್‌ನನ್ನು ಹೊರಗೆ ಕರೆದು ಐದನೆಯ ಡಿಫೆನ್ಸಿವ್ ಬ್ಯಾಕ್‌ನನ್ನು ಕಳಿಸುವುದು ರೂಢಿ. ಹಾಗೆ ಹೊರಬಂದ ಹುಡುಗನಿಗೆ ಕಾರಣವನ್ನು ಆಗಲೇ, ಪಕ್ಕದಲ್ಲಿ ನಿಂತು ಹೇಳಿ. ಶಿಕ್ಷೆ ಅಂದುಕೊಂಡು ಅಳುವ ಹುಡುಗರನ್ನು ನೋಡಿದ್ದೇನೆ.

ಮೈಕ್‌ಗೆ ಇನ್ನೊಂದು ಗುಣ ಬೇಕು, ದನಿ. ಎನ್‌ಎಫ್‌ಎಲ್‌ನಲ್ಲಿ 2008ರಿಂದ ಡಿಫೆನ್ಸಿನ ಒಬ್ಬನ ಹೆಲ್ಮೆಟ್ಟಿನೊಳಗೆ ರೇಡಿಯೊ ಇಡಲು ಅವಕಾಶವಿದೆ, ಹಸಿರು ಚುಕ್ಕೆ ಅಂಟಿಸಿದ ಹೆಲ್ಮೆಟ್ ಅವನದು. ನಮ್ಮ ಹುಡುಗರಿಗೆ ಅದಿಲ್ಲ. ನಾನು ಸೈಡ್‌ಲೈನಿನಿಂದ ಕೈಸನ್ನೆ ಮಾಡಬೇಕು, ಮೈಕ್ ಅದನ್ನು ಹತ್ತು ಜನಕ್ಕೆ ಕೂಗಿ ಹೇಳಬೇಕು. ಮೆತ್ತಗೆ ಮಾತಾಡುವ ಹುಡುಗನಾದರೆ ಊಟದ ಮನೆಯಲ್ಲೇ ಕೂಗಿಸಿ ಅಭ್ಯಾಸ ಮಾಡಿಸುತ್ತೇನೆ. ಒಂದು ತಿಂಗಳಲ್ಲಿ ದನಿ ಬರುತ್ತದೆ.

ದೊಡ್ಡ ಹೆಸರುಗಳಿಗೂ ಇದೇ ಲೆಕ್ಕ. 2000ದ ಬಾಲ್ಟಿಮೋರ್ ತಂಡ 16 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 165 ಅಂಕ ಮಾತ್ರ. ಆ ತಂಡದ ನಡುವೆ ರೇ ಲೂಯಿಸ್. ಅವನ ಮುಂದೆ ಸ್ಯಾಮ್ ಆಡಮ್ಸ್ ಮತ್ತು ಟೋನಿ ಸಿರಗೂಸ, ಒಬ್ಬೊಬ್ಬರೂ 300 ಪೌಂಡ್ ಮೀರಿದವರು. ಆ ಪಂದ್ಯಗಳ ವಿಡಿಯೊ ಸಿಕ್ಕರೆ ಚೆಂಡನ್ನು ನೋಡಬೇಡಿ, ಗಾರ್ಡ್‌ಗಳನ್ನು ನೋಡಿ.

ನಿಮ್ಮ ಹುಡುಗರ ವಿಡಿಯೊವನ್ನೂ ಹಾಗೇ ನೋಡಿ. ಶುಕ್ರವಾರದ ಪಂದ್ಯ ಮುಗಿದು ಶನಿವಾರ ಬೆಳಿಗ್ಗೆ ಕಾಫಿ ಹಿಡಿದು ಕೂತು, ರನ್ ಆಟಗಳನ್ನಷ್ಟೇ ಆರಿಸಿಕೊಂಡು, ಪ್ರತಿ ಲೈನ್‌ಬ್ಯಾಕರ್‌ನ ಹೆಸರಿನ ಮುಂದೆ ಗಾರ್ಡ್ ಅವನನ್ನು ಪೂರ್ತಿಯಾಗಿ ಹಿಡಿದದ್ದಕ್ಕೆ ಒಂದು ಅಡ್ಡಗೆರೆ ಹಾಕುತ್ತೇನೆ. ಮೂರಕ್ಕೆ ಒಂದಕ್ಕಿಂತ ಹೆಚ್ಚು ಬಂದರೆ ಸೋಮವಾರ ಮೊದಲು ಬದಲಾಗುವುದು ಅವನ ಮುಂದಿನ ಲೈನು. ಅದು ಬದಲಾದ ಮೇಲೂ ಎರಡು ಪಂದ್ಯ ಗೆರೆಗಳು ಹಾಗೇ ಉಳಿದರೆ, ಆಗ ಹುಡುಗನನ್ನು ಕರೆದು ಬೇರೆ ಜಾಗದ ಮಾತಾಡುತ್ತೇನೆ.